ಬಹುಮಾನಕ್ಕೆ ಹೊಡೆದ ಮೊಳೆ

ಬಹುಮಾನ ಬರುವ ಮೊದಲೇ ಯೋಗಾನಂದರು ಹಜಾರದ ಗೋಡೆಗೆ ಮೊಳೆ ಹೊಡೆದಿದ್ದರು. ಶಂಕರಪುರಂ ಛಾಯಾಬಳಗದವರು ಪ್ರತಿವರ್ಷ ಒಂದು ವಿಷಯ ಕೊಟ್ಟು, ಗೆದ್ದ ಚಿತ್ರಕ್ಕೆ ಕಟ್ಟು ಹಾಕಿಸಿ ಕೊಡುತ್ತಾರೆ. ಆರು ವರ್ಷದಿಂದ ಮೊಳೆ ಬ್ರಹ್ಮಚಾರಿಯಾಗಿಯೇ ಉಳಿದಿತ್ತು. (ನಡುವೆ ಒಮ್ಮೆ ಅತ್ತೆ ಲಕ್ಕಮ್ಮ ಅದಕ್ಕೆ ತರಕಾರಿ ಚೀಲ ನೇತುಹಾಕಿದರೆಂದು ಅಳಿಯ ಮೂರು ದಿನ ಮಾತು ಬಿಟ್ಟಿದ್ದರು. ಅದು ಶಿಕ್ಷೆಯೆಂದು ಲಕ್ಕಮ್ಮನಿಗೆ ಹೊಳೆಯಲೇ ಇಲ್ಲ.)

ಈ ಸಲದ ವಿಷಯ ‘ಕಾಯುವಿಕೆ’. ಹೊಸ ಚಿತ್ರವಾದರೂ ಸರಿ, ಹಳೆಯದಾದರೂ ಸರಿ. ಸದಸ್ಯರ ಮನೆಯವರು ಯಾರು ಬೇಕಾದರೂ ಕಳಿಸಬಹುದು. ಅಂದಿನಿಂದ ಯೋಗಾನಂದರ ಕಣ್ಣಿಗೆ ಲೋಕವೆಲ್ಲ ಕಾಯುತ್ತಿರುವಂತೆಯೇ ಕಂಡಿತು. ಗಾಂಧಿಬಜಾರಿನ ಬಸ್ ಸ್ಟಾಪಿಗೆ ಹೋದರು. ಫೋಕಸ್ ಹೊಂದಿಸುವಷ್ಟರಲ್ಲಿ ಬಸ್ಸು ಬಂದು, ಕಾಯುವಿಕೆಯೆಲ್ಲ ಹತ್ತಿಕೊಂಡು ಹೋಯಿತು. ಮನೆಗೆ ಬಂದವರೇ, ಪಾತ್ರೆ ತೊಳೆಯುತ್ತಿದ್ದ ಹೆಂಡತಿ ರಮ್ಯಾಗೆ ಪಾತ್ರ ಕೊಟ್ಟರು: ಕಿಟಕಿಯಲ್ಲಿ ನಿಂತು ನಲ್ಲನಿಗಾಗಿ ಕಾಯಬೇಕು.

“ಯಾವ ನಲ್ಲ?”

“ನಾನೇ ಅಂದ್ಕೊ.”

“ನೀವು ಇಲ್ಲೇ ಇದೀರಲ್ರೀ. ಒಂದರ್ಧ ಗಂಟೆ ಹೊರಗೆ ಹೋಗಿ, ಟ್ರೈ ಮಾಡ್ತೀನಿ.”

ಯೋಗಾನಂದರು ಬೀದಿಗಿಳಿದು ಅಲ್ಲಿಂದಲೇ ತೆಗೆದರು. ಚಿತ್ರದಲ್ಲಿ ರಮ್ಯಾರ ಮುಖದ ಮೇಲೆ ಮೂಡಿದ್ದುದು ವಿರಹವಲ್ಲ, ನೆಮ್ಮದಿ.

ಕೊನೆಗೆ ಹಳೆಯ ಭಂಡಾರವೇ ಗತಿಯಾಯಿತು. ಹದಿನೆಂಟು ಸಾವಿರ ಚಿತ್ರಗಳಲ್ಲಿ ಮೂರು ದಿನ ಮುಳುಗಿ, ಎಂಟು ವರ್ಷ ಹಿಂದಿನ ಬೆಕ್ಕೊಂದನ್ನು ಹಿಡಿದು ಮೇಲೆದ್ದರು. ಹಾಲಿನ ಬೂತಿನೆದುರು ಕೂತ ಬೆಕ್ಕು. ಕಣ್ಣಲ್ಲಿ ಋಷಿಯ ತಾಳ್ಮೆ. ಅದಕ್ಕಾಗಿ ಅವರು ಬೆಳ್ಳಂಬೆಳಗ್ಗೆ ಮುಕ್ಕಾಲು ಗಂಟೆ ರಸ್ತೆಯಲ್ಲಿ ಬೋರಲು ಬಿದ್ದಿದ್ದರು. ಹಾಲು, ಛತ್ರಿ, ಲೆನ್ಸಿನ ಮುಚ್ಚಳ ಹಿಡಿದು ರಮ್ಯಾ ಹಿಂದೆಲ್ಲೋ ನಿಂತಿದ್ದರು. ಬೆಕ್ಕನ್ನು ಕಳಿಸಿದ ಸಂಜೆಯೇ ಯೋಗಾನಂದರು ಮೊಳೆಯ ತುಕ್ಕು ಒರೆಸಿದರು.

ಭಾನುವಾರ, ಬಳಗದ ಹಿರಿಯರಾದ ಚಿದಂಬರ ಅವರ ಮನೆಯ ತಾರಸಿಯಲ್ಲಿ ಮತದಾನ. ರಮ್ಯಾ ಕೂಡ ಜೊತೆಗೆ ಹೋದರು. ಚಿತ್ರಗಳಿಗೆ ಹೆಸರಿಲ್ಲ, ನಂಬರು ಮಾತ್ರ. ತಮ್ಮ ಚಿತ್ರಕ್ಕೆ ತಾವೇ ಮತ ಹಾಕುವಂತಿಲ್ಲ. ಒಂಬತ್ತನೆಯ ಚಿತ್ರದ ಮುಂದೆ ಯೋಗಾನಂದರು ನಿಂತೇಬಿಟ್ಟರು. ಕಪ್ಪುಬಿಳುಪು. ರಸ್ತೆಗಡ್ಡಲಾಗಿ ಬೋರಲು ಮಲಗಿದ ಒಬ್ಬ ಮನುಷ್ಯ, ನಮಗೆ ಕಾಣುವುದು ಅವನ ಬೆನ್ನು, ನೆತ್ತಿ. ಅವನು ಏಳುವುದನ್ನೇ ಕಾಯುತ್ತ ನಿಂತ ಒಂದು ಆಟೋ, ಹೂಬುಟ್ಟಿ ಹೊತ್ತ ಹೆಂಗಸು, ನಾಲ್ಕು ಸೈಕಲ್ಲು, ಒಂದು ಹಸು.

ಯೋಗಾನಂದರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಕಾಯೋದು ಅಂದ್ರೆ ಇದು ಸ್ವಾಮಿ. ಹಸೂಗಿರೋ ತಿಳಿವಳಿಕೆ ಈ ಆಸಾಮಿಗಿಲ್ಲ. ಆ ನೆತ್ತಿ ನೋಡಿ, ಪೌರ್ಣಮಿ ಚಂದ್ರ. ಇಂಥ ಪೀಸು ಎಲ್ಲಿ ಸಿಕ್ಕಿದ್ನೋ, ತೆಗೆದವರ ಕಣ್ಣಿಗೊಂದು ನಮಸ್ಕಾರ.”

ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು, ಒಬ್ಬರು ಆಕಾಶ ನೋಡಿದರು. ಬಳಗದವರಿಗೆ ರಸಿಕತೆ ಸಾಲದೆಂದು ಯೋಗಾನಂದರು ಮರುಗಿದರು. (ಅವರೆಲ್ಲ ಯೋಗಾನಂದರನ್ನು ಹಿಂದಿನಿಂದ ಕಂಡವರು. ಯೋಗಾನಂದರಿಗೆ ತಮ್ಮ ಪರಿಚಯವಿದ್ದುದು ಕನ್ನಡಿಯ ಮೂಲಕ; ಮುಂಭಾಗದಲ್ಲಿ ಕೂದಲು ಇನ್ನೂ ಸಮೃದ್ಧವಾಗಿತ್ತು.) ಬೆಕ್ಕು ಹೇಗೂ ಗೆಲ್ಲುತ್ತದೆ, ಇರಲಿ ಎಂದು ಉದಾರವಾಗಿ ಚೀಟಿಯಲ್ಲಿ ಒಂಬತ್ತು ಬರೆದರು.

ಚಿದಂಬರ ಚೀಟಿಗಳನ್ನು ಎಣಿಸಿ ಕನ್ನಡಕ ಸರಿಮಾಡಿಕೊಂಡರು. “ಬೆಕ್ಕಿಗೆ ಆರು. ಮಲಗಿರೋರಿಗೆ ಏಳು. ತೆಗೆದೋರು, ರಮ್ಯಾ ಯೋಗಾನಂದ.”

ಚಪ್ಪಾಳೆ ನಿಲ್ಲುವವರೆಗೂ ಯೋಗಾನಂದರು ಬಾಯಿ ತೆರೆದುಕೊಂಡೇ ಇದ್ದರು. ಆಮೇಲೆ ಮೆಲ್ಲಗೆ ಹೆಂಡತಿಯ ಪಕ್ಕಕ್ಕೆ ಸರಿದರು.

“ಅದು ಯಾರು ರಮ್ಯಾ?”

ರಮ್ಯಾ ಗಂಡನ ಹಿಂದೆ ಹೋಗಿ, ಮೊಬೈಲನ್ನು ಎತ್ತಿ ಹಿಡಿದು ಒಂದು ಕ್ಲಿಕ್ ಮಾಡಿ ತೋರಿಸಿದರು. ಅದೇ ಚಂದ್ರ, ಎಂಟು ವರ್ಷಗಳಲ್ಲಿ ಇನ್ನಷ್ಟು ತುಂಬಿಕೊಂಡಿದ್ದ.

“ಮುಕ್ಕಾಲು ಗಂಟೆ ನಿಂತಿದ್ನಲ್ಲ, ಇನ್ನೇನ್ ಮಾಡ್ಲಿ? ಇಂಥವು ನನ್ನ ಹತ್ರ ಇನ್ನೂ ನಾನೂರಿವೆ.”

ಯೋಗಾನಂದರು ಎರಡು ದಿನ ಊಟಕ್ಕಷ್ಟೇ ಬಾಯಿ ತೆರೆದರು. ಮೂರನೆಯ ದಿನ ಕಟ್ಟು ಹಾಕಿದ ಚಿತ್ರ ಬಂತು. ಮೊಳೆ ಅವರದು, ನೇತುಹಾಕಿದವರೂ ಅವರೇ. ಅಂದು ಸಂಜೆ ಗವಿಪುರದಿಂದ ನೆಂಟರು ಬರುವ ಹೊತ್ತಿಗೆ ಅವರ ಎದೆ ಮೊದಲಿನಷ್ಟೇ ಉಬ್ಬಿತ್ತು.

“ಫಸ್ಟ್ ಪ್ರೈಜು. ತೆಗೆದಿದ್ದು ನಮ್ಮನೆಯವಳು. ಸಬ್ಜೆಕ್ಟ್ ನಾನು. ಗೆಲ್ಲಿಸಿದ ವೋಟೂ ನಂದೇ.”

ನೆಂಟರು ಚಿತ್ರವನ್ನೂ ಅವರ ಮುಖವನ್ನೂ ಎರಡೆರಡು ಸಲ ನೋಡಿದರು. ನಂಬಿಕೆ ಬಂದಂತಿರಲಿಲ್ಲ.

“ಸ್ವಲ್ಪ ತಿರುಗಿ ಕೂತ್ಕೊಳ್ಳಪ್ಪ,” ಎಂದರು ಲಕ್ಕಮ್ಮ.

ಯೋಗಾನಂದರು ತಿರುಗಿ ಕೂತರು. ಬೆಳಕು ಸರಿಯಾಗಿ ಬೀಳಲೆಂದು ನೆತ್ತಿಯನ್ನು ಕಿಟಕಿಯ ಕಡೆಗೆ ಕೊಂಚ ಬಾಗಿಸಿಯೂ ಕೊಟ್ಟರು.