ಬಚ್ಚಲುಮನೆಯಲ್ಲಿ ಬೀಗಿತ್ತಿಯ ಆರ್ಕಿಡ್

ಹೆಣ್ಣುಮಕ್ಕಳ ಮದುವೆ ಜಾತಕದಲ್ಲಿ ನಿಂತು ಹೋಗಿದ್ದನ್ನು ಕೇಳಿದ್ದೇನೆ, ಬಂಗಾರದಲ್ಲಿ ನಿಂತು ಹೋಗಿದ್ದನ್ನು ಕಂಡಿದ್ದೇನೆ. (ನಮ್ಮದು ಬಂಗಾರದ ಊರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರನ್ನು ಮುಚ್ಚಲು ಮಾತ್ರ ಎಲ್ಲರೂ ಮರೆತಿದ್ದಾರೆ.) ಆದರೆ ತೆಂಗಿನ ಸಿಪ್ಪೆಯಲ್ಲಿ ಸಿಕ್ಕಿಹಾಕಿಕೊಂಡ ಮದುವೆ ಎಂದರೆ ನನ್ನ ಮಗಳು ಅರ್ಚನಳದ್ದು ಒಂದೇ ಇರಬೇಕು.

ಹುಡುಗ ಬಂಗಾರಪೇಟೆಯವನು. ಅರ್ಚನಳಿಗೆ ಪೂರ್ಣ ಒಪ್ಪಿಗೆ. ಎಷ್ಟು ಪೂರ್ಣವೆಂದರೆ, ನಾವು ಅವನ ಫೋಟೋ ತೋರಿಸುವ ಹೊತ್ತಿಗೆ ಅವಳ ಫೋನಿನಲ್ಲಿ ಅವನ ಅರವತ್ತು ಫೋಟೋ ಇದ್ದವು. ಅಡ್ಡಿ ಇದ್ದದ್ದು ಅವನ ತಾಯಿ ಗಂಗರತ್ನಮ್ಮನವರದು. ತಾರಸಿಯ ತುಂಬ ಆರ್ಕಿಡ್ ಸಾಕಿಕೊಂಡ ಮಹಾತಾಯಿ. ಆಷಾಢಕ್ಕೆ ಎರಡು ದಿನ ಮುಂಚೆ ಬಂದರು, ಚಿರೋಟಿ ತಿಂದರು, ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹೊರಡುವಾಗ ಬ್ಯಾಗಿನಿಂದ ಒದ್ದೆ ನ್ಯೂಸ್‌ಪೇಪರಿನ ಪೊಟ್ಟಣ ತೆಗೆದು ನನ್ನ ಮಡಿಲಲ್ಲಿಟ್ಟರು. ಒಳಗೆ ಆರೇಳು ಎಲೆ, ಸೇಮಿಗೆಯಂತೆ ಇಳಿಬಿದ್ದ ಬೇರು.

"ಇದು ನನ್ನ ಮಗಳಿದ್ದಂಗೆ ಕಣ್ರೀ. ಆಷಾಢ ಪೂರ್ತಿ ನಿಮ್ಮನೇಲಿರ್ಲಿ. ಇದನ್ನ ನೀವು ಹೆಂಗೆ ನೋಡ್ಕೊತೀರೋ, ನಿಮ್ಮ ಮಗಳನ್ನ ನಾನು ಹಂಗೆ ನೋಡ್ಕೊತೀನಿ. ಶ್ರಾವಣಕ್ಕೆ ಬಂದು ಮಾತಾಡ್ತೀನಿ."

ಇದು ಆಶೀರ್ವಾದವೋ ಬೆದರಿಕೆಯೋ ತಿಳಿಯುವ ಮುಂಚೆ ಇನ್ನೊಂದು ಬಾಣ ಬಿತ್ತು. "ಮಣ್ಣು ಮಾತ್ರ ಹಾಕ್ಬೇಡಿ. ಕುಂಡಕ್ಕೆ ತುಂಬೋ ಪಾಟಿಂಗ್ ಮೀಡಿಯಾ ಯಾವುದು ಅಂತ ನೀವೇ ಆರಿಸ್ಕೊಳ್ಳಿ. ಮನೆ ಹೆಂಗಸರ ಬುದ್ಧಿ ಗೊತ್ತಾಗೋದೇ ಅದ್ರಲ್ಲಿ. ಸೆಕೆ ಬೇಕು, ಗಾಳೀಲಿ ತೇವ ಬೇಕು. ಬರ್ಲಾ?"

ಮೀಡಿಯಾ! ನಾನು ಹತ್ತು ವರ್ಷ ಕಾನ್ವೆಂಟಿನ ಇಂಗ್ಲಿಷ್ ಮೀಡಿಯಂನಲ್ಲಿ ಬೇರು ಬಿಟ್ಟವಳು. ಅಲ್ಲಿಯೂ ಮಣ್ಣು ಮುಟ್ಟುವಂತಿರಲಿಲ್ಲ. ಗಿಡವೂ ನಾನೂ ಒಂದೇ ಜಾತಿ ಎಂದು ಒಂದು ಗಳಿಗೆ ಧೈರ್ಯ ಬಂತು. ಅಚ್ಚಾದದ್ದನ್ನೆಲ್ಲ ನಂಬುವುದು ನಮ್ಮ ಸಿಸ್ಟರುಗಳು ಕಲಿಸಿದ ಗುಣ. ನನ್ನ ಯಜಮಾನರು ಮುನೀಂದ್ರ ಅವರಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇರುವುದರಿಂದ, ಇಂಟರ್‌ನೆಟ್ಟಿನಲ್ಲಿ ಆರ್ಕಿಡ್ ಬಗ್ಗೆ ಇದ್ದದ್ದೆಲ್ಲ ಅಚ್ಚಾಗಿ ಮನೆಗೆ ಬಂತು. ಸಾರಾಂಶ ಇಷ್ಟೇ: ಬಿಸಿಯೂ ತೇವವೂ ಇರುವ ಹವೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗಾಳಿಯಾಡುವ ಒರಟು ಚೂರುಗಳೇ ಬೇಕು. ತೆಂಗಿನ ಸಿಪ್ಪೆ, ಇದ್ದಿಲು, ಮರದ ತೊಗಟೆ, ಇಟ್ಟಿಗೆ ಚೂರು.

ಸರಿ, ಆ ಹವೆ ಎಲ್ಲಿ? ಸೆಕೆಗೆ ನಮ್ಮಲ್ಲಿ ಕೊರತೆಯಿಲ್ಲ. ತೇವ? ನಮ್ಮೂರಲ್ಲಿ ಹಪ್ಪಳ ನೆರಳಿನಲ್ಲೇ ಒಣಗುತ್ತದೆ. ಇಡೀ ಮನೆಯಲ್ಲಿ ಎರಡೂ ಕೂಡಿರುವ ಉಷ್ಣವಲಯ ಒಂದೇ: ಬಚ್ಚಲುಮನೆ. ಕರೆಂಟಿನಲ್ಲಿ ಕಾದ ನೀರು ಮೈಗೆ ಅಂಟುತ್ತದೆಂದು ನಮ್ಮತ್ತೆ ಅಕ್ಕಯ್ಯಮ್ಮ ಗೀಸರ್ ಹಾಕಿಸಲು ಬಿಟ್ಟಿಲ್ಲ. ಬೆಳಗಾಗೆದ್ದು ತಾವೇ ಹಂಡೆಗೆ ಒಲೆ ಹಚ್ಚುತ್ತಾರೆ. ಮೇಲೆ ಗಾಜಿನ ಹೆಂಚು, ಒಳಗೆ ಆವಿ. ತೂತಿನ ಕುಂಡದಲ್ಲಿ ತೆಂಗಿನ ಸಿಪ್ಪೆ ತುಂಬಿ, ಭಾವಿ ಬೀಗಿತ್ತಿಯ ಮಗಳನ್ನು ಅಲ್ಲಿ ಪ್ರತಿಷ್ಠಾಪಿಸಿದೆ.

ಮೊದಲ ದಿನವೇ ಯಜಮಾನರು ಮೈಗೆ ನೀರು ಹಾಕಿಕೊಳ್ಳದೆ ಹೊರಬಂದರು.

"ಏನೇ, ಅದು ನನ್ನೇ ನೋಡ್ತದೆ ಕಣೇ."

"ಅದಕ್ಕೆ ಕಣ್ಣೆಲ್ಲಿದೆ ರೀ?"

"ಮಗಳು ಅಂತ ಹೇಳಿ ಕೊಟ್ಟವ್ರೆ. ನಾಳೆ ಯಾವ ಮುಖ ಇಟ್ಕೊಂಡು ಬೀಗಿತ್ತೀನ ಮಾತಾಡ್ಸಲಿ?"

ಅಂದಿನಿಂದ ಅವರ ಸ್ನಾನ ಪಂಚೆಯುಟ್ಟು, ಗೋಡೆಗೆ ಮುಖ ಮಾಡಿ.

ಮೂರನೆಯ ದಿನ ನೋಡಿದರೆ ಕುಂಡ ಅರ್ಧ ಖಾಲಿ! ಜೆರಾಕ್ಸ್ ತೆಗೆದು ನೋಡಿದೆ: 'ತೇವದ ಹವೆಯಲ್ಲಿ ಸಿಪ್ಪೆ ಬೇಗ ಕರಗುತ್ತದೆ.' ಬೇಗ ಎಂದರೆ ಇಷ್ಟು ಬೇಗವೇ? ಇಸ್ತ್ರಿ ಅಂಗಡಿಯ ಸೆಲ್ವರಾಜ್ ಹತ್ತಿರ ಓಡಿದೆ.

"ಅಕ್ಕಾ, ನಿಮ್ಮನೇಲಿ ಕರೆಂಟ್ ಇಸ್ತ್ರಿಪೆಟ್ಟಿ ತಾನೇ? ಇದ್ಲು ಎದಕ್ಕಕ್ಕಾ?"

"ಮಗಳ ಮದುವೆಗಪ್ಪ."

ಅವನು ಪಾಪ, ಇನ್ನೊಂದು ಮಾತಾಡದೆ ಚೀಲ ತುಂಬಿಸಿಕೊಟ್ಟ. ಇದ್ದಿಲು ವರ್ಷಗಟ್ಟಲೆ ಕೊಳೆಯುವುದಿಲ್ಲವೆಂದು ಬರೆದಿತ್ತು. ನಮ್ಮ ಬಚ್ಚಲಿನಲ್ಲಿ ಅದು ನಾಲ್ಕು ದಿನ ಬಾಳಿತು. ಬೆಂಗಳೂರಿನಿಂದ ತೊಗಟೆ ಚೂರು ತರಿಸಿದೆ. ಎರಡು ದಿನ. ಮತ್ತೆ ತರಿಸಿದೆ. ನನ್ನ ಕೈಯಲ್ಲೇ ಏನೋ ಶಾಪವಿದೆ, ಮುಟ್ಟಿದ್ದೆಲ್ಲ ಮಾಯವಾಗುತ್ತಿದೆ, ಈ ಪಾಪಿ ತಾಯಿಯಿಂದ ಮಗಳು ಮದುವೆಯಿಲ್ಲದೆ ಉಳಿಯುತ್ತಾಳೆ ಎಂದು ನಾನು ಈರುಳ್ಳಿ ಹೆಚ್ಚದೆಯೇ ಅಳತೊಡಗಿದೆ. ಅರ್ಚನ ನನ್ನೊಡನೆ ಮಾತು ಬಿಟ್ಟಳು.

ಒಂದು ಮುಂಜಾನೆ ಬೇಗ ಎಚ್ಚರವಾಗಿ ಬಚ್ಚಲಿಗೆ ಹೋದೆ. ಅತ್ತೆ ಒಲೆ ಮುಂದೆ ಕುಳಿತು, ಎಡಗೈಯಲ್ಲಿ ಆರ್ಕಿಡ್ ಹಿಡಿದು, ಬಲಗೈಯಲ್ಲಿ ಕುಂಡದ ತೊಗಟೆಯನ್ನು ಬೆಂಕಿಗೆ ಹಾಕುತ್ತಿದ್ದರು!

"ಅತ್ತೆ! ಏನ್ಮಾಡ್ತಿದ್ದೀರಾ?"

"ಕಾಣ್ಸಲ್ವಾ? ನಿನ್ ಗಂಡಂಗೆ ನೀರ್ ಕಾಯಿಸ್ತಾ ಇದ್ದೀನಿ."

"ಅದು ಗಿಡದ್ದು ಅತ್ತೆ!"

"ಗಿಡಕ್ಕೆ ಮಣ್ಣು ಆಕ್ತಾರೆ ಕಣಮ್ಮಿ. ಸಿಪ್ಪೆ, ಇದ್ಲು, ಚಕ್ಕೆ ಎಲ್ಲಾ ಒಂದ್ ಕುಂಡದಾಗೆ ತುಂಬಿ ಒಲೆ ಪಕ್ಕದಾಗೆ ಮಡಗಿದ್ರೆ ನಾನೇನ್ ಅನ್ಕೊಳ್ಳಾದು? ಇಪ್ಪತ್ನಾಕು ವರ್ಷಕ್ಕೆ ನನ್ ಸೊಸೆಗೆ ಬುದ್ಧಿ ಬಂತು, ಒಲೆಗೆ ಬೇಕಾದ್ದೆಲ್ಲ ಕೈಗೆಟಕೋ ಅಂಗೆ ಮಡಗ್ತಾಳೆ ಅಂತ ಪಕ್ಕದ್ಮನೆ ಕದಿರಮ್ಮಂಗೆ ಯೋಳಿದ್ದೀನಿ. ಅವ್ಳು ಬೀದಿಗೆಲ್ಲ ಯೋಳವ್ಳೆ."

ಇಪ್ಪತ್ನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಮೊಟ್ಟಮೊದಲ ಬಿರುದು! ಅದು ಬೂದಿಯಾಗುವುದನ್ನು ನಾನೇ ನಿಂತು ನೋಡಬೇಕಾಯಿತು.

"ಮತ್ತೆ ಆ ಗಿಡಾನ ಯಾಕೆ ಉಳಿಸಿದ್ರಿ?"

"ಇದಾ? ಅಸಿ ಕಡ್ಡಿ, ಇಕ್ಕಿದ್ರೆ ಬರೀ ಹೊಗೆ. ಒಣಗ್ಲಿ ಅಂತ ದಿನಾ ವಾಪಸ್ ಮಡಗ್ತೀನಿ. ನೀನು ದಿನಾ ಬಂದು ನೀರ್ ಚಿಮುಕಿಸ್ತೀಯ. ಒಣಗಾದಾದ್ರೂ ಎಂಗೆ?"

ಗಿಡಕ್ಕೂ ಮದುವೆಗೂ ಬಿದ್ದಿರುವ ಗಂಟನ್ನು ಬಿಡಿಸಿ ಹೇಳಿದಾಗ ಅತ್ತೆ ಗಲ್ಲಕ್ಕೆ ಹೊಡೆದುಕೊಂಡರು. ಮೊಮ್ಮಗಳ ಮೇಲೆ ಆಣೆ, ಇನ್ನು ಉರಿಯೋದೇನನ್ನೂ ಕುಂಡದಿಂದ ಮುಟ್ಟುವುದಿಲ್ಲವೆಂದರು. ನಾನೂ ಬುದ್ಧಿವಂತಿಕೆಯಿಂದ ಉರಿಯದ ಇಟ್ಟಿಗೆ ಚೂರು ತುಂಬಿದೆ. ವಾರದೊಳಗೆ ಹಂಡೆಯ ಮಸಿ ಹೋಗಿ ಅದು ಕನ್ನಡಿಯಂತೆ ಫಳಫಳ ಹೊಳೆಯಿತು, ಕುಂಡ ಖಾಲಿ.

"ಉರಿಯೋದು ಮುಟ್ಟಲ್ಲ ಅಂದಿದ್ದೆ. ಉಜ್ಜೋದು ಮುಟ್ಟಲ್ಲ ಅಂದಿದ್ನಾ?" ಎಂದರು ಅತ್ತೆ.

ನಾನು ಕೈಚೆಲ್ಲಿದೆ. ಖಾಲಿ ಕುಂಡದಲ್ಲಿ ನಿಲ್ಲಲಾರದ ಗಿಡವನ್ನು ಅತ್ತೆಯೇ ತಮ್ಮ ಹಳೇ ಸೀರೆಯ ಅಂಚಿನಿಂದ ಕಟ್ಟಿ, ಒಲೆಯಿಂದಾಚೆ ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ನಾನು ಅದರ ಕಡೆ ತಲೆಯೆತ್ತಲಿಲ್ಲ. ನೇಣು ಬಿದ್ದವರನ್ನು ಯಾರು ತಾನೇ ನೋಡಿಯಾರು?

ಶ್ರಾವಣದ ಮೊದಲ ಬೆಳಗ್ಗೆಯೇ, ಹೇಳದೆ ಕೇಳದೆ, ಗಂಗರತ್ನಮ್ಮ ಬಂಗಾರಪೇಟೆಯ ರೈಲಿಳಿದು ಬಂದುಬಿಟ್ಟರು. ಕಾಲು ತೊಳೆಯಲು ನೇರ ಬಚ್ಚಲಿನತ್ತ ನಡೆದರು.

"ಅಯ್ಯೋ, ಬಕೆಟ್ ಇಲ್ಲಿಗೇ ತರ್ತೀನಿ ಕೂತ್ಕೊಳ್ಳಿ!" ಎಂದು ಬಾಗಿಲಿಗೆ ಅಡ್ಡ ನಿಂತೆ.

"ನಿಮಗ್ಯಾಕೆ ತೊಂದರೆ," ಎಂದು ನನ್ನನ್ನು ಕರ್ಟನ್ನಿನಂತೆ ಸರಿಸಿ ಒಳಹೊಕ್ಕರು. ಖಾಲಿ ಕುಂಡ ನೋಡಿದರು. ಮೊಳೆ ನೋಡಿದರು. ಒಲೆ ಮುಂದಿದ್ದ ಅತ್ತೆ ಎದ್ದು ನಿಂತರು. ನನ್ನ ಹಿಂದೆ ಯಜಮಾನರೂ ಅರ್ಚನಳೂ ಬಾಗಿಲಿಗೆ ಬಂದರು.

"ಯಾರು ಮಾಡಿದ್ದು ಇದು?"

ತಾಯಿಯಾದವಳು ಆಗ ಎದೆಗೊಟ್ಟು ನಿಲ್ಲಬೇಕಿತ್ತು. ನಾನು ಬೆರಳು ತೋರಿಸಿದೆ. "ನಾನಲ್ಲ! ನಮ್ಮತ್ತೆ! ನಾನು ಸಿಪ್ಪೆ, ಇದ್ಲು, ತೊಗಟೆ, ಇಟ್ಟಿಗೆ ಎಲ್ಲಾ ಹಾಕಿದ್ದೆ. ಒಂದೊಂದಾಗಿ ಎಲ್ಲಾ ತೆಗೆದು ಹಾಕಿದ್ದು ಇವರೇ!"

ಗಂಗರತ್ನಮ್ಮ ಮೆಲ್ಲನೆ ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ಅಮ್ಮಾ, ಬೇರಿನ ತುದಿ ನೋಡಿ, ಎಂಥ ಹಸಿರು! ಈ ಜಾತಿಗೆ ಮೀಡಿಯಾನೇ ಬೇಡ. ಗಾಳೀಲಿ ನೇತಾಡ್ಕೊಂಡೇ ಬದುಕೋದು. ಇದಕ್ಕೆ ಮುಂಚೆ ಮೂರು ಮನೆಗೆ ಕೊಟ್ಟಿದ್ದೆ. ಎಲ್ಲಾ ಏನೇನೋ ತುಂಬಿ ಸಾಯಿಸಿಬಿಟ್ರು. ನಿಮಗೆ ಹೆಂಗೆ ಹೊಳೀತು?"

"ಏನೋ ಕಣವ್ವಾ," ಎಂದರು ಅತ್ತೆ, ಒಲೆಯ ಕಡೆ ನೋಡದೆ, "ತೋಚ್ತು."

ಗಂಗರತ್ನಮ್ಮ ನನ್ನತ್ತ ತಿರುಗಿ ತಲೆಯಿಂದ ಕಾಲಿನವರೆಗೆ ಅಳೆದರು. "ಇದ್ಲು, ತೊಗಟೆ, ಇಟ್ಟಿಗೆ ಎಲ್ಲಾ ತುಂಬಿದ್ದು ನೀವು?"

"ಹೂಂ."

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಹುಡುಗಿ ಯಾರ ಥರ? ಅಜ್ಜಿ ಥರಾನೋ, ನಿಮ್ಮ ಥರಾನೋ?"

ಯಜಮಾನರು ಗಾಜಿನ ಹೆಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಬಾಗಿಲಲ್ಲಿ ನಿಂತ ಅರ್ಚನ ಎಷ್ಟೋ ದಿನಗಳ ನಂತರ ಮೊದಲ ಬಾರಿ ನನ್ನ ಮುಖ ನೋಡಿ, ಎರಡೂ ಕೈ ಜೋಡಿಸಿದಳು. ಒಂಬತ್ತು ತಿಂಗಳು ಹೊತ್ತು, ಇಪ್ಪತ್ಮೂರು ವರ್ಷ ಸಾಕಿದ ನಾನು ಗಂಟಲು ಸರಿಮಾಡಿಕೊಂಡೆ.

"ಥೇಟ್ ಅವರಜ್ಜೀನೇ ರೀ," ಎಂದೆ. "ನನ್ನದು ಒಂದು ಕೂದಲೂ ಬಂದಿಲ್ಲ."

"ಸದ್ಯ!" ಎಂದರು ಗಂಗರತ್ನಮ್ಮ.