ಆರೂವರೆ ಅಡಿ ಮಂಚ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಮಂಚ. ಆರೂವರೆ ಅಡಿ ಉದ್ದದ್ದು. ರಾಜಗೋಪಾಲನಗರದ ಆಂಜಿನಪ್ಪ ಏಪ್ರಿಲ್ ತಿಂಗಳಲ್ಲಿ ಅದನ್ನು ಬಡಗಿ ದೊಡ್ಡಮುನಿಯಪ್ಪನ ಕೈಲಿ ಮಾಡಿಸಿ, ಮನೆ ಹಿಂದಿನ ಬಾಡಿಗೆ ರೂಮಿನಲ್ಲಿ ಹಾಕಿಸಿ, ರೂಮಿಗೆ ಬೀಗ ಜಡಿದ. ಅವನ ಮನೆತನದಲ್ಲಿ ಐದೂವರೆ ಅಡಿ ದಾಟಿದವರು ಇಲ್ಲ. ರೂಮು ಕೇಳಿಕೊಂಡು ಬಂದವರಲ್ಲೂ ಅಷ್ಟುದ್ದದವರು ಇರಲಿಲ್ಲ. ಬಂದವರನ್ನೆಲ್ಲ ಅವನು, "ಆಗ್ಲೇ ಒಬ್ರಿಗೆ ಹೇಳಾಗಿದೆ," ಎಂದು ವಾಪಸ್ಸು ಕಳಿಸುತ್ತಿದ್ದ.

ಆ ಒಬ್ಬರು ಯಾರೆಂದು ಅವನು ಹೆಂಡತಿ ಭಾಗ್ಯಮ್ಮನಿಗೆ ಮಾತ್ರ ಹೇಳಿದ್ದ. ಹೆಸರು ಜ್ಞಾನರಾಜ್, ಊರು ಆಸ್ಟಿನ್ ಟೌನ್, ಎತ್ತರ ಆರಡಿ ಮೂರು ಅಂಗುಲ. ಎ ಡಿವಿಷನ್ನಿನ ದೊಡ್ಡದೊಂದು ಫುಟ್‌ಬಾಲ್ ತಂಡದಲ್ಲಿ ಸೆಂಟರ್ ಫಾರ್ವರ್ಡ್ ಎಂದು ಹೆಸರಿಗೆ ಇದ್ದುಕೊಂಡು, ಮ್ಯಾಚಿನ ಮುಕ್ಕಾಲು ಭಾಗ ಬೆಂಚಿನ ಮೇಲೆ ಕೂತಿರುತ್ತಿದ್ದ. ಅವನು ಆ ಬೆಂಚು ಬಿಟ್ಟು ಬಿ ಡಿವಿಷನ್ನಿನ 'ಪೀಣ್ಯ ಜಾಲಿ ಬ್ರದರ್ಸ್' ಕ್ಲಬ್ಬಿಗೆ ಬರುತ್ತಾನೆ ಎಂಬುದೇ ಎಂಬತ್ತನಾಲ್ಕರ ಬೇಸಿಗೆಯಲ್ಲಿ ಆಂಜಿನಪ್ಪನ ದೊಡ್ಡ ನಂಬಿಕೆ.

ಬರಲೇಬೇಕಾಗಿತ್ತು. ಹೋದ ವರ್ಷ ಬ್ರದರ್ಸ್ ಕೊನೆಯ ಮ್ಯಾಚನ್ನು ಡ್ರಾ ಮಾಡಿಕೊಂಡು ಹೇಗೋ ಸಿ ಡಿವಿಷನ್ನಿಗೆ ಬೀಳದೆ ಉಳಿದಿತ್ತು. ಗೆಲ್ಲಬಹುದಿತ್ತು. ಆದರೆ ಕ್ಲಬ್ಬಿನ ಸೆಂಟರ್ ಫಾರ್ವರ್ಡ್ ನಲ್ಲಪ್ಪ ಪೆನಾಲ್ಟಿ ಕಿಕ್ಕನ್ನು ಎಷ್ಟು ಎತ್ತರಕ್ಕೆ ಹೊಡೆದನೆಂದರೆ, ಚೆಂಡು ಗೋಲಿನ ಮೇಲಿಂದ ಹಾರಿ ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯೊಳಕ್ಕೆ ಬಿದ್ದು ತುಮಕೂರಿನ ಕಡೆ ಹೊರಟುಹೋಯಿತು. ಈ ವರ್ಷವೂ ಹೀಗೇ ಆದರೆ ಕ್ಲಬ್ಬು ಉಳಿಯುವುದಿಲ್ಲ. ಹನ್ನೊಂದು ವರ್ಷದಿಂದ ಅದರ ಹಿಂದೆ ಸುತ್ತಿ ಆಂಜಿನಪ್ಪನಿಗೆ ಸಾಕುಸಾಕಾಗಿತ್ತು. ಸಾಕಾದದ್ದು ಬೇರೆ, ಬಿಡುವುದು ಬೇರೆ.

ಆಂಜಿನಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರು. ಹೊರಗಿನಿಂದ ಬಂದ ಮಾಲನ್ನು ಅಳೆದು ನೋಡಿ ಸರಿಯಾದದ್ದಕ್ಕೆ ಹಸಿರು ಚೀಟಿ, ಅನುಮಾನದ್ದಕ್ಕೆ ಹಳದಿ, ಕೆಟ್ಟದ್ದಕ್ಕೆ ಕೆಂಪು ಚೀಟಿ ಕಟ್ಟುವುದು ಅವನ ಕೆಲಸ. ಆಟಗಾರರು ಕ್ಲಬ್ಬು ಬದಲಿಸುವ ಮೇ ತಿಂಗಳಲ್ಲಿ ಬರುವ ಸುದ್ದಿಗಳನ್ನೂ ಅವನು ಹಾಗೆಯೇ ಪರೀಕ್ಷೆ ಮಾಡುತ್ತಿದ್ದ. ಜೇಬಿನ ಡೈರಿಯಲ್ಲಿ ಸುದ್ದಿ ಬರೆದು ಪಕ್ಕದಲ್ಲಿ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕುವುದು. ಒಬ್ಬರೇ ಹೇಳಿದರೆ ಹಳದಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಹೇಳಿದರೆ ಹಸಿರು. ಸುಳ್ಳೆಂದು ಗೊತ್ತಾದದ್ದೆಲ್ಲ ಕೆಂಪು. ಕೆಂಪು ಪೆನ್ಸಿಲು ಎರಡನೇ ವಾರಕ್ಕೇ ಬೆರಳಿಗೆ ಸಿಗದಷ್ಟು ಸವೆದುಹೋಗಿತ್ತು. ಅವನು ಹಸಿರು ಹಾಕಿದ ಸುದ್ದಿಯನ್ನು ಊರಿನಲ್ಲಿ ಯಾರೂ ಮರುಪ್ರಶ್ನೆ ಮಾಡುತ್ತಿರಲಿಲ್ಲ. ಆಂಜಿನಪ್ಪನಿಗೆ ಇದ್ದ ಒಂದೇ ಹೆಮ್ಮೆ ಅದು.

ಜ್ಞಾನರಾಜನ ಸುದ್ದಿ ಮಾತ್ರ ಮೇ ಮೂವತ್ತೊಂದು ಬಂದರೂ ಹಳದಿಯಲ್ಲೇ ಇತ್ತು. ಏಪ್ರಿಲಿನಲ್ಲಿ ಕ್ಲಬ್ಬಿನ ಸೆಕ್ರೆಟರಿ ಹನುಮಂತರಾಯಪ್ಪ ಕಾಫಿ ಕುಡಿಯುತ್ತ, "ಜ್ಞಾನರಾಜ್ ಥರದೋನು ಒಬ್ಬ ಸಿಕ್ಕಿದ್ರೆ ನಮ್ ಕಷ್ಟ ತೀರೋದು," ಎಂದಿದ್ದರು. ಆಂಜಿನಪ್ಪನ ಬಳಿ ಇದ್ದ ಆಧಾರ ಅಷ್ಟೇ. ಹಸಿರು ಗುರುತಿಗೆ ಅದು ಸಾಲದು. ಮಂಚಕ್ಕೆ ಸಾಕಾಯಿತು.

"ಇವತ್ತು ಕೊನೇ ದಿನ ತಾನೆ?" ಎಂದು ಬೆಳಿಗ್ಗೆ ಭಾಗ್ಯಮ್ಮ ಮುದ್ದೆಯ ತಟ್ಟೆ ಮುಂದಿಟ್ಟು ಕೇಳಿದಳು.

"ಊಂ. ಸಂಜೆ ಐದಕ್ಕೆ ಮುಗೀತದೆ."

"ಅಂಗಾದ್ರೆ ನಂಗೂ ಐದೇ ಗಂಟೆ. ಐದರ ಮೇಲೆ ಯಾರು ಮೊದ್ಲು ಬಂದು ಕೇಳ್ತಾರೋ ಅವ್ರಿಗೆ ಬೀಗದ ಕೈ ಕೊಟ್ಬಿಡ್ತೀನಿ. ಮೇಷ್ಟ್ರು ಕೇಳಿದ್ರು, ಇಲ್ಲ ಅಂದ್ರಿ. ಆ ನರ್ಸಮ್ಮ ಕೇಳಿದ್ರು, ಇಲ್ಲ ಅಂದ್ರಿ. ನಿಮ್ ಕ್ಲಬ್ಬಿನ ನಲ್ಲಪ್ಪ, ಪಾಪ, ಮದುವೆ ಗೊತ್ತಾಗೈತೆ ಅಂತ ಬಂದು ಕೈ ಮುಗಿದ. ಅವನ್ಗೂ ಇಲ್ಲ ಅಂದ್ರಿ. ಆ ಮಂಚಕ್ಕೆ ದಿನಾ ಧೂಳು ಒರೆಸಿ ನನ್ ಸೊಂಟ ಬಿದ್ದೋಗೈತೆ."

"ಐದು ಗಂಟೆ ತನಕ ತಡ್ಕೋ ಮಾರಾಯ್ತಿ."

"ಒಂದು ನಿಮಿಷನೂ ಜಾಸ್ತಿ ಇಲ್ಲ."

ನಾಗಸಂದ್ರದ ಬಸ್ ಸ್ಟಾಪಿನಲ್ಲಿ ಆವಲಪ್ಪನ ಹೋಟೆಲು. ಆಂಜಿನಪ್ಪ ದಿನಾ ಅಲ್ಲಿ ಅರ್ಧ ಕಾಫಿ ಕುಡಿದು ಕಾರ್ಖಾನೆಗೆ ನಡೆಯುವುದು. ಅವತ್ತು ಕಾಫಿಗಿಂತ ಮೊದಲು ಆವಲಪ್ಪನೇ ಬಂದ.

"ಗುರು, ನಿನ್ ಆಸ್ಟಿನ್ ಟೌನ್‌ನೋನು ಬತ್ತಾವ್ನೆ. ಬರ್ಕೋ."

"ಯಾರು ಹೇಳಿದ್ದು?"

"ಯಾರಾದ್ರೂ ಯೋಳ್ಲಿ ಬಿಡು. ಅವನಿಗೆ ಇರಾಕೆ ಮನೇನೇ ಗೊತ್ತಾಗೈತಂತೆ. ಮನೆ ಮಾಡ್ಕೊಟ್ಟವ್ರೆ ಅಂದ್ಮೇಲೆ ಇನ್ನೇನ್ ಉಳೀತು?"

ಆಂಜಿನಪ್ಪನ ಎದೆ ಸ್ವಲ್ಪ ಹಗುರಾಯಿತು. ಆದರೂ ಆವಲಪ್ಪ ಒಬ್ಬನೇ. ಡೈರಿಯಲ್ಲಿ ಬರೆದುಕೊಂಡು ಹಳದಿಯನ್ನು ಹಳದಿಯಾಗಿಯೇ ಬಿಟ್ಟ.

ಕಾರ್ಖಾನೆಯಲ್ಲಿ ಹೆಬ್ಬಗೋಡಿಯಿಂದ ಮಾಲು ತರುವ ಲಕ್ಷ್ಮಣಪ್ಪ ಐದು ಪೆಟ್ಟಿಗೆ ಇಳಿಸಿಕೊಂಡು ಕಾಯುತ್ತಿದ್ದ. ಆಂಜಿನಪ್ಪ ಮೊದಲ ಪೆಟ್ಟಿಗೆಯ ಒಂದು ತುಂಡು ತೆಗೆದು ನೋಡಿದ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಎರಡನೆಯ ಪೆಟ್ಟಿಗೆಯ ತುಂಡಿಗೂ ಅದೇ ಜಾಗದಲ್ಲಿ ಬಿರುಕು. ಮೂರನೆಯದಕ್ಕೂ ಅಷ್ಟೇ. ಐದಕ್ಕೂ ಕೆಂಪು ಚೀಟಿ ಕಟ್ಟಿದ.

"ಸಾರ್, ಐದೂ ಬೇರೆ ಬೇರೆ ದಿನ ಮಾಡಿದ್ ಮಾಲು," ಎಂದ ಲಕ್ಷ್ಮಣಪ್ಪ.

"ಬೇರೆ ದಿನ ಆದ್ರೇನಪ್ಪ, ಅಚ್ಚು ಒಂದೇ. ಅಚ್ಚಿನಲ್ಲೇ ಬಿರುಕಿದ್ರೆ ಐನೂರು ಪೆಟ್ಟಿಗೇಲೂ ಇದೇ ಬಿರುಕು ಬರ್ತದೆ. ಎಷ್ಟು ಪೆಟ್ಟಿಗೆ ಅಂತ ಎಣಿಸಬಾರದು, ಎಲ್ಲಿಂದ ಬಂತು ಅಂತ ನೋಡಬೇಕು."

ಹೀಗೆ ಬುದ್ಧಿ ಹೇಳಿ ಅವನು ಕೈ ಒರೆಸಿಕೊಂಡ. ಲಕ್ಷ್ಮಣಪ್ಪ ಪೆಟ್ಟಿಗೆಗಳನ್ನು ವಾಪಸ್ಸು ಹೇರಿಸುತ್ತ, "ಬಿಡಿ ಸಾರ್. ನಿಮ್ ಕ್ಲಬ್ಬಿಗೆ ಜ್ಞಾನರಾಜ್ ಬರ್ತಾನಂತಲ್ಲ, ಮನೇನೂ ಮಾಡ್ಕೊಟ್ಟಿದಾರಂತೆ," ಎಂದ.

ಆಂಜಿನಪ್ಪ ನಿಂತಲ್ಲೇ ನಿಂತ. ಆವಲಪ್ಪ ನಾಗಸಂದ್ರದವನು, ಲಕ್ಷ್ಮಣಪ್ಪ ಹೆಬ್ಬಗೋಡಿಯವನು. ಮಧ್ಯೆ ಇಡೀ ಬೆಂಗಳೂರು ಬಿದ್ದಿದೆ. ಇವನು ಅವನ ಹೋಟೆಲಿನ ಮುಖ ಕಂಡವನಲ್ಲ. ಡೈರಿ ತೆಗೆದು, ತಿಂಗಳಿಡೀ ಮುಟ್ಟದೆ ಇಟ್ಟಿದ್ದ ಹಸಿರು ಪೆನ್ಸಿಲಿನಿಂದ ದಪ್ಪಗೆ ಗುರುತು ಹಾಕಿದ. ಹನ್ನೊಂದು ವರ್ಷದಲ್ಲಿ ಕ್ಲಬ್ಬಿನ ವಿಷಯದಲ್ಲಿ ಅವನಿಗೆ ಸಿಕ್ಕಿದ ಮೊದಲ ಸಂತೋಷ ಅದು.

ಸಂತೋಷ ಹತ್ತು ನಿಮಿಷ ಇತ್ತು. ಆಮೇಲೆ ಹೊಸ ಚಿಂತೆ ಹತ್ತಿತು. ಕ್ಲಬ್ಬಿನವರೇ ಮನೆ ಮಾಡಿಕೊಟ್ಟಿದ್ದರೆ ತನ್ನ ರೂಮಿನ ಗತಿಯೇನು? ಎರಡು ತಿಂಗಳು ಹೆಂಡತಿಯ ಕೈಲಿ ಅನ್ನಿಸಿಕೊಂಡದ್ದು ಯಾರಿಗಾಗಿ? ಮಧ್ಯಾಹ್ನಕ್ಕೆ ಅರ್ಧ ದಿನ ರಜೆ ಹಾಕಿ, ಸೆಕ್ರೆಟರಿ ಹನುಮಂತರಾಯಪ್ಪನವರ ಸೈಕಲ್ ಶಾಪಿಗೆ ಬಿಸಿಲಿನಲ್ಲಿ ನಡೆದ.

"ಸಾರ್, ಜ್ಞಾನರಾಜ್‌ಗೆ ಮನೆ ಎಲ್ಲಿ ಮಾಡಿದೀರಿ?"

ಹನುಮಂತರಾಯಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅದೆಲ್ಲ ಪ್ರೆಸಿಡೆಂಟ್ರು ನೋಡ್ಕೋತಾವ್ರೆ ಕಣಯ್ಯ. ಗುಟ್ಟು."

"ನೀವು ಅವನ ಜೊತೆ ಮಾತಾಡಿದ್ರಾ?"

"ಮನೇನೇ ಗೊತ್ತಾದ್ಮೇಲೆ ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ? ನಡಿ, ಆಫೀಸಿಗೋಗಿ ಸೈನ್ ಮಾಡೋದನ್ನ ಕಣ್ಣಾರೆ ನೋಡಾನ."

ಇಬ್ಬರೂ ಬಸ್ಸು ಹತ್ತಿದರು. ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರು. ಅದು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಉಳಿದ ದೂರ ನಡೆದು, ಆಟಗಾರರು ಸೈನ್ ಹಾಕುವ ಆಫೀಸಿನ ಗೇಟು ಮುಟ್ಟಿದಾಗ ಐದಕ್ಕೆ ಐದು ನಿಮಿಷವಿತ್ತು. ಗೇಟಿನಲ್ಲಿ ಕ್ಲಬ್ಬಿನ ಪ್ರೆಸಿಡೆಂಟ್, ರೈಸ್ ಮಿಲ್ಲಿನ ವೆಂಕಟಪ್ಪನವರು, ಕೈಯಲ್ಲಿ ಸುಗಂಧರಾಜದ ಹಾರ ಹಿಡಿದು ನಿಂತಿದ್ದರು. ಹಾರ ಆಗಲೇ ಬಾಡಿತ್ತು.

"ಎಲ್ರೀ ನಿಮ್ ಪ್ಲೇಯರು?" ಎಂದು ಅವರು ಹನುಮಂತರಾಯಪ್ಪನವರನ್ನು ಕೇಳಿದರು.

"ನಮ್ ಪ್ಲೇಯರಾ? ನೀವಲ್ವಾ ಮಾತಾಡಿರೋದು?"

"ನಾನ್ಯಾಕೆ? ನೀವು ಮನೆ ಮಾಡ್ಕೊಟ್ಟಿದೀರಿ ಅಂತ ಕೇಳಿ, ಎಲ್ಲಾ ಮುಗಿಸವ್ರೆ ಅಂತ ನಾನು ಹಾರ ತಂದೆ."

ಅಷ್ಟರಲ್ಲಿ ಒಳಗಿನಿಂದ ಜ್ಞಾನರಾಜ್ ಬಾಗಿಲಿಗೆ ತಲೆ ತಗ್ಗಿಸಿಕೊಂಡು ಬಂದ. ಹತ್ತಿರದಿಂದ ನೋಡಿದರೆ ಆರಡಿ ನಾಲ್ಕು ಅಂಗುಲವೇ ಇರಬಹುದು ಎಂದು ಆಂಜಿನಪ್ಪನಿಗೆ ಅನಿಸಿತು. ಆದರೂ ಮಂಚ ಸಾಕಾಗುತ್ತಿತ್ತು.

"ಪೀಣ್ಯದವರಾ ಸಾರ್?" ಎಂದು ಜ್ಞಾನರಾಜ್ ಹಾರ ನೋಡಿ ಕೇಳಿದ. "ಈಗ್ತಾನೆ ಹಳೇ ಕ್ಲಬ್ಬಿಗೇ ಸೈನ್ ಮಾಡ್ಬಿಟ್ಟೆ. ನಿಮ್ಮಲ್ಲಿ ಮನೆ ರೆಡಿ ಇದೆ ಅಂತ ನನಗೂ ಹೇಳಿದ್ರು. ಯಾರಾದ್ರೂ ಬಂದು ಕರೀತಾರೆ ಅಂತ ಎರಡು ದಿನ ಕಾದೆ. ಇವತ್ತೂ ನಾಲ್ಕೂವರೆ ತನಕ ಇಲ್ಲೇ ಕೂತಿದ್ದೆ. ಯಾರೂ ಕೇಳ್ಲೇ ಇಲ್ಲ. ಕೇಳಿದ್ರೆ ಬರ್ತಿದ್ದೆ ಸಾರ್. ಬೆಂಚಲ್ಲಿ ಕೂತು ಕೂತು ಬೇಜಾರಾಗೋಗಿದೆ."

ಅವನು ಹೋದ ಮೇಲೆ ವೆಂಕಟಪ್ಪನವರು, "ಮನೆ ಗೊತ್ತಾಗೈತೆ ಅಂತ ನಿಮಗೆ ಯೋಳಿದ್ದು ಯಾರು?" ಎಂದು ವಿಚಾರಣೆ ಶುರುಮಾಡಿದರು.

"ಹೋಟ್ಲು ಆವಲಪ್ಪ," ಎಂದರು ಹನುಮಂತರಾಯಪ್ಪ.

"ನಂಗೂ ಅವ್ನೇ. ಅವನಿಗೆ ಯಾರು?"

"ಬಡಗಿ ದೊಡ್ಡಮುನಿಯಪ್ಪ. ಯಾರೋ ಆರಡಿ ಮೂರು ಅಂಗುಲದೋನಿಗೆ ಅಂತ ಅವನ ಕೈಲಿ ಆರೂವರೆ ಅಡಿ ಮಂಚ ಮಾಡ್ಸಿದ್ರಂತೆ. ಅಷ್ಟುದ್ದದೋನು ಇನ್ಯಾರವ್ನೆ, ಜ್ಞಾನರಾಜ್‌ಗೇ ಇರ್ಬೇಕು ಅಂತ ಲೆಕ್ಕ ಹಾಕವ್ನೆ. ಅದನ್ನೇ ಆವಲಪ್ಪ ಹೋಟ್ಲಿಗೆ ಬಂದ ಲಾರಿಯೋರಿಗೆಲ್ಲ ಯೋಳವ್ನೆ."

"ಯಾರು ಮಾಡ್ಸಿದ್ದಂತೆ?"

"ಅದನ್ ಕೇಳ್ಳಿಲ್ಲ. ಕ್ಲಬ್ಬಿನೋರು ಅಂದ್ಕೊಂಡೆ."

ಆಂಜಿನಪ್ಪ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಬೆಳಿಗ್ಗೆ ಲಕ್ಷ್ಮಣಪ್ಪನಿಗೆ ಹೇಳಿದ ಬುದ್ಧಿಮಾತು ಒಂದಕ್ಷರ ಬಿಡದೆ ನೆನಪಾಯಿತು. ನಾಗಸಂದ್ರದ ಪೆಟ್ಟಿಗೆ, ಹೆಬ್ಬಗೋಡಿಯ ಪೆಟ್ಟಿಗೆ, ಆಸ್ಟಿನ್ ಟೌನಿನ ಪೆಟ್ಟಿಗೆ, ಎಲ್ಲ ಬೇರೆ ಬೇರೆ. ಅಚ್ಚು ಮಾತ್ರ ತನ್ನ ಮನೆಯ ಹಿಂದೆ ಬೀಗ ಹಾಕಿಕೊಂಡು ಕೂತಿದೆ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಸುಸ್ತು ಅನಿಸಿತು. ವೆಂಕಟಪ್ಪನವರು ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅವನ ಕೈಗೆ ಕೊಟ್ಟರು. ಅವನು ಇಸಿದುಕೊಂಡ.

ಹೋಗಲಿ, ನಲ್ಲಪ್ಪನಾದರೂ ಇದ್ದಾನೆ ಎಂದು ಬಸ್ಸಿನಲ್ಲಿ ಕೂತು ಸಮಾಧಾನ ಮಾಡಿಕೊಂಡ. ಪೆನಾಲ್ಟಿ ಲಾರಿಗೆ ಹೊಡೆದರೇನು, ಹೋದ ವರ್ಷದ ಒಂಬತ್ತು ಗೋಲು ಹೊಡೆದವನೂ ಅವನೇ.

ನಾಗಸಂದ್ರದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಆವಲಪ್ಪ ಹೋಟೆಲಿನ ಬಾಗಿಲಲ್ಲಿ ನಿಂತು ಕೂಗಿದ.

"ಏನ್ ಗುರು, ನೀನೂ ಕ್ಲಬ್ಬು ಬದಲಾಯಿಸ್ಬಿಟ್ಟೆ ಅಂತೆ? ದಾಸರಹಳ್ಳಿ ರೋವರ್ಸ್ ಕಡೆ ಓದ್ಯಂತೆ?"

ರೋವರ್ಸ್ ಎಂದರೆ ಬ್ರದರ್ಸ್‌ಗೆ ಹುಟ್ಟಾ ವೈರಿ ಕ್ಲಬ್ಬು. ಏನೋ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಆಂಜಿನಪ್ಪ ಮುಂದೆ ನಡೆದ. ಬೀದಿಯ ತಿರುವಿನಲ್ಲಿ ಪಕ್ಕದ ಮನೆಯ ಮುನಿಯಕ್ಕ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ಅವಳಿಗೂ ಆವಲಪ್ಪನಿಗೂ ನಲ್ಲಿಯ ಜಗಳವಾಗಿ ಮೂರು ವರ್ಷದಿಂದ ಮಾತಿಲ್ಲ.

"ಅಲ್ಲ ಕಣಪ್ಪ ಆಂಜಿನಪ್ಪ," ಎಂದಳು ಅವಳು, "ಇಷ್ಟು ವರ್ಷ ಬ್ರದರ್ಸು ಬ್ರದರ್ಸು ಅಂತ ಬಡ್ಕೊಂಡು ಈಗ ರೋವರ್ಸ್‌ಗೆ ಓದ್ಯಲ್ಲ. ಅಂಗೆ ಮಾಡ್ಬೋದಾ?"

"ಯಾರಕ್ಕ ಹೇಳಿದ್ದು?"

"ಮನೆಗೋಗಿ ನೋಡ್ಕೋ, ಓಗು."

ಹಿಂದಿನ ರೂಮಿನ ಬಾಗಿಲು ತೆರೆದಿತ್ತು. ಆರೂವರೆ ಅಡಿ ಮಂಚದ ಮೇಲೆ, ಕಾಲು ನೆಲಕ್ಕೆ ಮುಟ್ಟಿಸದೆ ತೂಗಾಡಿಸುತ್ತ, ನಲ್ಲಪ್ಪ ಕೂತಿದ್ದ. ಗೋಡೆಯ ಮೊಳೆಯಲ್ಲಿ ದಾಸರಹಳ್ಳಿ ರೋವರ್ಸ್‌ನ ಹಳದಿ ಜೆರ್ಸಿ, ಹಿಂದಿನ ಬೀದಿಗೆ ಕಾಣುವಂತೆ ನೇತಾಡುತ್ತಿತ್ತು.

"ಐದು ಗಂಟೆಗೆ ಸರಿಯಾಗಿ ಬಂದ," ಎಂದಳು ಭಾಗ್ಯಮ್ಮ ಹಿಂದಿನಿಂದ. "ಕೊಟ್ಟ ಮಾತಿನಂಗೆ ಬೀಗದ ಕೈ ಕೊಟ್ಟೆ. ನಿಮ್ ಕಡೆಯೋನೇ ಅಲ್ವಾ."

ನಲ್ಲಪ್ಪ ಎದ್ದು ನಿಂತ. "ಅಣ್ಣ, ಬೇಜಾರ್ ಮಾಡ್ಕೋಬ್ಯಾಡಿ. ಬೆಳಿಗ್ಗೆನೇ ರೋವರ್ಸ್‌ಗೆ ಸೈನ್ ಮಾಡ್ಬಿಟ್ಟೆ."

"ಯಾಕೋ?"

"ಇನ್ನೇನಣ್ಣ ಮಾಡ್ಲಿ? ಹೋದ ತಿಂಗಳು ರೂಮ್ ಕೇಳಾಕೆ ಬಂದಾಗ ಕಿಟಕೀಲಿ ಈ ಮಂಚ ನೋಡ್ದೆ. ಯಾರಿಗೆ ಅಂದೆ. ಬೇರೆ ಸೆಂಟರ್ ಫಾರ್ವರ್ಡ್‌ಗೆ ಅಂತ ನಿಮ್ಮ ಬಾಯಲ್ಲೇ ಬಂತು. ಬೇರೆ ಯಾರಾದ್ರೂ ಯೋಳಿದ್ರೆ ನಂಬ್ತಿರ್ಲಿಲ್ಲ. ನೀವು ಎರಡು ಕಡೆ ವಿಚಾರ್ಸದೆ ಏನೂ ಯೋಳಲ್ಲ ಅಂತ ಊರಿಗೇ ಗೊತ್ತು. ನನ್ನನ್ನ ಬೆಂಚಲ್ಲಿ ಕೂರಿಸ್ತಾರೆ ಅಂತ ಅವತ್ತೇ ಖಾತ್ರಿಯಾಯ್ತು."

ಆಂಜಿನಪ್ಪ ಕೈಯಲ್ಲಿದ್ದ ಬಾಡಿದ ಹಾರವನ್ನು ನೋಡಿದ. ಅದನ್ನು ಮಂಚದ ತಲೆಕಡೆಗೆ ನೇತುಹಾಕಿ ಹೊರಗೆ ಬಂದು ಜಗಲಿಯ ಮೇಲೆ ಕೂತ. ಕ್ಲಬ್ಬಿಗೆ ಬರಬೇಕಾದವನು ಬರಲಿಲ್ಲ, ಇದ್ದವನೂ ಹೋದ, ಎರಡಕ್ಕೂ ತಾನೇ ಕಾರಣ. ಒಳಗೆ ನಲ್ಲಪ್ಪ ಮಂಚ ಗಟ್ಟಿಯಾಗಿದೆ ಎಂದು ಭಾಗ್ಯಮ್ಮನಿಗೆ ಹೇಳುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅವನು ಡೈರಿ ತೆಗೆದು, 'ಆಂಜಿನಪ್ಪ, ದಾಸರಹಳ್ಳಿ ರೋವರ್ಸ್‌ಗೆ' ಎಂದು ಬರೆದ. ಕೆಂಪು ಪೆನ್ಸಿಲಿಗಾಗಿ ಜೇಬೆಲ್ಲ ತಡಕಿದ. ಅದು ಎಲ್ಲೋ ಬಿದ್ದುಹೋಗಿತ್ತು.

"ಈಗ್ಲೂ ಏನ್ ಬರೀತಿದೀರಿ?" ಎಂದು ಭಾಗ್ಯಮ್ಮ ಕಾಫಿ ಲೋಟ ಇಟ್ಟು ಕೇಳಿದಳು.

"ಒಂದು ಸುದ್ದಿ."

"ನಿಜಾನಾ?"

"ಇಬ್ರು ಹೇಳಿದ್ರು," ಎಂದು ಆಂಜಿನಪ್ಪ ಹಸಿರು ಪೆನ್ಸಿಲು ಕೈಗೆ ತೆಗೆದುಕೊಂಡ. "ಅವ್ರಿಬ್ರಿಗೂ ಮಾತಿಲ್ಲ."