ಶ್ರುತಿ ಕೂಡಿತು, ಇನ್ನು ಹಾಡು

ಅಂಬಾರಾಯನ ಕ್ಯಾಸೆಟ್ಟಿನಲ್ಲಿ ಒಂದೇ ಒಂದು ಮಾತೂ ಇರಲಿಲ್ಲ. ಆ ದಿನದ ಫಜೀತಿಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ನಿಂಬರ್ಗಾದಲ್ಲಿ ಮದುವೆ, ಬಸುರಿಯರ ಕುಬಸಗಳಿಗೆ ಮೈಕ್ ಹಚ್ಚುವವನು ಅವನು. ಸೊಲ್ಲಾಪುರದಿಂದ ಕ್ಯಾಸಿಯೋ ಕೀಬೋರ್ಡು ತಂದವನೇ ಇಡೀ ಮಳೆಗಾಲ ಬಾಗಿಲು ಹಾಕಿಕೊಂಡು ಕೂತ. ಒಂದು ಸ್ವರ ಒತ್ತಿದರೆ ಅದು ತಾನಾಗಿ ಆರುವತನಕ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಅದರ ಅಡಿಯಲ್ಲಿ ಜೋಳದ ಎಲೆಗಳ ಸರಸರ, ಬರಿಗೊಡದೊಳಗಿನ ಗುಂಯ್‌ಗುಡುವಿಕೆ. ಎಲ್ಲವನ್ನೂ ಎಕೋ ಮಶೀನಿನಲ್ಲಿ ಹಾಯಿಸಿ, ಹಾಲು ಕೆನೆಗಟ್ಟುವಷ್ಟು ನಿಧಾನವಾಗಿ ಕೂಡಿಸಿದ. 'ಬಯಲು' ಎಂದು ಹೆಸರಿಟ್ಟ. ಇದ್ದದ್ದು ಅದೊಂದೇ ಪ್ರತಿ. ಮೇಲೆ ಯಾರೂ ಬೇರೆ ತುಂಬಬಾರದೆಂದು ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪಟ್ಟಿಗಳನ್ನೂ ಮುರಿದಿಟ್ಟಿದ್ದ.

ಅಂದು ಸಂಜೆಯ ಬಸ್ಸಿಗೆ ಸೊಲ್ಲಾಪುರದ ಕ್ಯಾಸೆಟ್ ಕಂಪನಿಯ ದೌಲತರಾಯರು ಬರುವವರಿದ್ದರು. ಅವರು ಮೆಚ್ಚಿದರೆ 'ಬಯಲು' ಊರೂರಿಗೆ ಹೋಗುತ್ತದೆ. ಅದಕ್ಕೂ ಮೊದಲು ತನ್ನ ಊರು ಕೇಳಲಿ ಎಂದು ಅಂಬಾರಾಯ ಮಧ್ಯಾಹ್ನವೇ ಮಠದ ಕಟ್ಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದ.

ಗುಂಯ್... ಎಂದಿತು.

ಭಜನಾ ಮಂಡಳಿಯ ಹಿರಿಯ ಚಂದ್ರಾಮಪ್ಪ ಕಣ್ಣು ಮುಚ್ಚಿದ. ಗುರುಬಾಯಿ ತಲೆಯ ಮೇಲೆ ಸೆರಗು ಹೊದ್ದಳು. ಗಡಿಯಾರ ರಿಪೇರಿಯ ಇಮಾಮಸಾಬ ಚಪ್ಪಲಿ ಬಿಟ್ಟು ಕೂತ. ಒಬ್ಬರೂ ಕೆಮ್ಮಲಿಲ್ಲ. ಅಂಬಾರಾಯನ ಎದೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. ಇಂಥ ಕಿವಿ ಮುಂಬೈಯವರಿಗೂ ಇರಲಿಕ್ಕಿಲ್ಲ!

ಟಕ್. ಟೇಪು ಮುಗಿಯಿತು. ಚಂದ್ರಾಮಪ್ಪ ಕಣ್ಣು ತೆರೆದ.

"ಶಹಬ್ಬಾಸ್ ತಮ್ಮಾ! ಶ್ರುತಿ ಅಂದ್ರ ಹಿಂಗ ಕೂಡ್ಬೇಕು. ಇನ್ನ ಹಾಡು."

"ಹಾಡಾ? ಮುಗೀತಲ್ರಿ ಮಾವಾ!"

"ಏಕತಾರಿ ಮೀಟಿ ಹಂಗೇ ಮನೀಗಿ ಹೋಗ್ತಾರೇನಲೇ?"

"ತಾಟ ಇಟ್ಟಿ, ನೀರ ಇಟ್ಟಿ, ರೊಟ್ಟಿನೇ ಬಡಸ್ಲಿಲ್ಲ ನೋಡು!" ಎಂದಳು ಗುರುಬಾಯಿ.

"ಇದರಾಗ ಮಾತಿಲ್ಲ ಅಕ್ಕಾ. ಸುಮ್ನ ಕೇಳೂದು. ಮನಸ್ಸು ಬಯಲಾಗ್ತದ."

"ಬಯಲಾಗಾಕ ಶಿವನ ಹೆಸರಾದ್ರೂ ಬ್ಯಾಡೇನು?"

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿ ಅಂಬಾರಾಯ ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿದ. ಅದು ಅಫಜಲಪುರದ ಬಸ್ಸಾಗಿತ್ತು; ಅವನು ಅಲ್ಲೇ ಕಾದು ನಿಂತ. ದೌಲತರಾಯರ ಬಸ್ಸು ಬಂದದ್ದು ಹೊತ್ತು ಇಳಿದ ಮೇಲೆ. ದಾರಿಯುದ್ದಕ್ಕೂ ಅವನು ಅವರಿಗೆ ಮೌನದ ಮಹಿಮೆಯನ್ನು ಬಿಡುವಿಲ್ಲದೆ ಹೇಳಿದ.

ಕಟ್ಟೆಯ ಮೇಲೆ ಜನ ಇನ್ನೂ ಕೂತಿದ್ದರು. ಎಲ್ಲರ ಮುಖದಲ್ಲೂ ದೊಡ್ಡ ಕೆಲಸ ಮಾಡಿ ಮುಗಿಸಿದ ಬೆವರು.

"ಅಂಬಾರಾಯಾ, ನಿನ್ನ ಕ್ಯಾಸೆಟ್ಟು ಹಿಂದ ಎರಡೂ ಕಡಿ ಮುರದಿತ್ತು," ಎಂದ ಇಮಾಮಸಾಬ. "ಕಾಗದ ಅಂಟಿಸಿ ದುರಸ್ತ ಮಾಡೇನಿ. ಪೈಸಾ ಬ್ಯಾಡ."

ಅಂಬಾರಾಯ ಕ್ಯಾಸೆಟ್ಟು ಹೊರತೆಗೆದು ಹಿಂಬದಿ ತಿರುಗಿಸಿ ನೋಡಿದ.

"ಆಮ್ಯಾಲ?"

"ಆಮ್ಯಾಲ ಏನು? ಇಮಾಮಸಾಬ ರೆಕಾರ್ಡ್ ಗುಂಡಿ ಒತ್ತಿದ, ನಾವು ಹಾಡಿದ್ವಿ," ಎಂದ ಚಂದ್ರಾಮಪ್ಪ. "ಊರಿನ ಮಾನದ ಮಾತು. ಬರೇ ಶ್ರುತಿ ಕಳಸಾಕ ಬರ್ತದೇನು?"

ದೌಲತರಾಯರು ಟೇಪ್ ಹಚ್ಚಿದರು. ತಾಳ, ದಿಮ್ಮಿನ ಪೆಟ್ಟು, ಚಂದ್ರಾಮಪ್ಪನ ಏರುದನಿ, ಹಿಂದೆ ಗುರುಬಾಯಿಯ ಸೊಲ್ಲು. 'ಬಯಲು' ಅಳಿಸಿಹೋಗಿತ್ತು, ಎಲ್ಲಿಯೂ ಇಲ್ಲ.

"ನಿನ್ನ ಶ್ರುತಿ ಅಡಿಯಾಗ ಅದ, ಕಿವಿಗೊಟ್ಟು ಕೇಳು," ಎಂದು ಚಂದ್ರಾಮಪ್ಪ ಪಿಸುಗುಟ್ಟಿದ.

ದೌಲತರಾಯರ ಕಣ್ಣು ಮಿಂಚಿದವು. "ವಾಹ್! ಮನಿಮನಿಗೂ ಹೋಗ್ತದ ಇದು!"

ಭಜನೆ ಮುಗಿಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ, ಭಜನೆ ತಲುಪದೆ ಉಳಿದಿದ್ದ ತುದಿಯಿಂದ, ಮೆಲ್ಲಗೆ ಗುಂಯ್... ಎಂದಿತು.

ಅಂಬಾರಾಯನಿಗೆ ಹೋದ ಜೀವ ಬಂದಂತಾಯಿತು. "ಇದೇ ಸಾಹೇಬ್ರ! ಇದೇ ನಂದು!"

ದೌಲತರಾಯರು ಕಿವಿಗೊಟ್ಟು, ಹುಬ್ಬು ಗಂಟಿಕ್ಕಿ, ಗುಂಡಿ ಒತ್ತಿ ನಿಲ್ಲಿಸಿದರು.

"ಗಾಬರಿ ಆಗಬ್ಯಾಡ್ರಿ. ಕಡೀಗಿ ಟೇಪು ಜರಾ ಕೆಟ್ಟದ. ಕಂಪನಿಯಾಗ ತಗದು ಹಾಕ್ತೇವಿ."

ಊರೇ ಚಪ್ಪಾಳೆ ತಟ್ಟಿತು. ಚಂದ್ರಾಮಪ್ಪ ತನ್ನ ಹೆಗಲ ಶಲ್ಯವನ್ನು ತೆಗೆದು ಅಂಬಾರಾಯನಿಗೆ ಹೊದಿಸಿ, ಕಣ್ಣೀರು ಒರೆಸಿಕೊಂಡ.

"ಚಿಂತಿ ಮಾಡಬ್ಯಾಡ ತಮ್ಮಾ. ಮುಂದಿನ ಕ್ಯಾಸೆಟ್ಟಿಗೂ ಶ್ರುತಿ ನಿಂದೇ!"